ಬಿಂದುಶ್ರೀಯ ಆಷಾಢ

ಹೊಸದಾಗಿ ಮದುವೆಯಾದ ಹೆಣ್ಣಿಗೆಂದು ನಮ್ಮ ಹಿರಿಯರು ಒಂದು ತಿಂಗಳನ್ನು ಎತ್ತಿಟ್ಟಿದ್ದಾರೆ. ಅದು ಆಷಾಢ. ಮದುವೆಯಾದ ಮೊದಲ ವರ್ಷದ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ದಾಟಿದರೆ ಅತ್ತೆಗೆ ಆಗಿಬರುವುದಿಲ್ಲ ಎಂದು ಮಾತು. ಆದ್ದರಿಂದ ತವರಿನವರು ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ತಿಂಗಳ ಕೊನೆಗೆ ಭೀಮನ ಅಮಾವಾಸ್ಯೆಯ ದಿನ ಅಳಿಯ ಬಂದು, ಹೆಂಡತಿಯ ಕೈಯಲ್ಲಿ ಪಾದಪೂಜೆ ಮಾಡಿಸಿಕೊಂಡು, ಮತ್ತೆ ಮನೆ ತುಂಬಿಸಿಕೊಳ್ಳುತ್ತಾನೆ. ಯಾವ ಪುಣ್ಯಾತ್ಮರು ಇದನ್ನು ಮಾಡಿದರೋ, ಯಾಕೆ ಮಾಡಿದರೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಿಂದುಶ್ರೀಗೆ ಕಾರಣ ಬೇಕಿರಲಿಲ್ಲ. ತಿಂಗಳು ಬೇಕಿತ್ತು.

ಆ ತಿಂಗಳಲ್ಲಿ ಒಂದು ಕಾದಂಬರಿಯ ಮೊದಲ ಕರಡನ್ನು ಬರೆದು ಮುಗಿಸಬೇಕೆಂದು ಅವಳು ಸಂಕಲ್ಪ ಮಾಡಿದ್ದಳು. ತಿದ್ದುವುದು ತೀಡುವುದು ಆಮೇಲಿನ ಮಾತು. ಮೊದಲು ಕತೆಗೆ ಮೈ ಬರಬೇಕು. ಅದು ಮುದ್ದೆ ತೊಳಸಿದ ಹಾಗೆ ಎಂದು ಅವಳ ನಂಬಿಕೆ: ಹಿಟ್ಟು ಕುದಿಯುವಾಗ ಕೋಲು ಹಿಡಿದವಳು ಯಾರೋ ಕರೆದರೆಂದು ಎದ್ದು ಹೋದರೆ ಗಂಟು ಕಟ್ಟಿಯೇ ಕಟ್ಟುತ್ತದೆ, ಆಮೇಲೆ ಎಷ್ಟು ಮಿದ್ದರೂ ಒಡೆಯುವುದಿಲ್ಲ. ಒಂದು ತಿಂಗಳು ಯಾರೂ ಕರೆಯದ ಜಾಗ ಬೇಕು. ನಾಗಸಂದ್ರದ ಗಂಡನ ಮನೆ ಅಂಥ ಜಾಗವಲ್ಲ. ಮಾವ ಚಿಕ್ಕಬೈರಪ್ಪ ಒಂದು ಕಾಲಕ್ಕೆ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿತ್ತು. ಕೆಳಗೆ ಮನೆಯವರು, ನಡುವಿನ ಎರಡು ಮಹಡಿ ಹುಡುಗರ ಪೀಜಿ, ಮೂರನೇ ಮಹಡಿಯಲ್ಲಿ ಬಾಡಿಗೆಗೆ ಕಾದ ಒಂದು ಮನೆ. ಗೀಸರ್ ಕೆಟ್ಟಿತು, ವೈಫೈ ಹೋಯಿತು, ಚಪಾತಿ ಕಡಿಮೆ ಬಿತ್ತು, ಹೀಗೆ ಬೆಳಗಿನಿಂದ ಬಾಗಿಲು ಬಡಿಯುವವರೇ. ಆ ಮನೆಯಲ್ಲಿ ಸೊಸೆ ಕೂತಿದ್ದಾಳೆ ಎಂದರೆ ಅವಳಿಗೆ ಕೆಲಸವಿಲ್ಲ ಎಂದೇ ಅರ್ಥ.

ಆಷಾಢಕ್ಕಾಗಿ ಅವಳು ಮಾಘದಿಂದಲೇ ತಯಾರಾದಳು. ಅವಳ ಕತೆ ಗಂಗಹನುಮಕ್ಕ ಎಂಬ ಸೂಲಗಿತ್ತಿಯದು. ತವರಿನ ಅಜ್ಜಿ ಮರಿಯಮ್ಮ ಚಿಕ್ಕಂದಿನಿಂದ ಹೇಳುತ್ತ ಬಂದದ್ದು. ಗಂಗಹನುಮಕ್ಕ, ಇವತ್ತು ಪೀಣ್ಯದ ಶೆಡ್ಡುಗಳೂ ಗೋಡೌನುಗಳೂ ನಿಂತಿರುವ ಊರೂರಿಗೆ, ಯಾರ ಮನೆಯಲ್ಲಿ ಬೇನೆ ಎದ್ದರೂ, ಲಾಟೀನು ಹಿಡಿದು ಬರಿಗಾಲಲ್ಲಿ ನಡೆದು ಹೋಗುತ್ತಿದ್ದವಳು. ಬಿಂದುಶ್ರೀ ಆ ದಾರಿಗಳನ್ನೆಲ್ಲ ಹುಡುಕಿದಳು. ತರಕಾರಿ ತರುವ ನೆಪದಲ್ಲಿ ಹೋಗಿ, ಯಾವ ಕಾಂಪೌಂಡಿನ ಒಳಗೆ ಹಳೇ ಬಾವಿ ಮುಚ್ಚಿಹೋಯಿತು, ಯಾವ ಪೇಂಟ್ ಅಂಗಡಿ ಇರುವಲ್ಲಿ ಹುಣಸೆಮರ ಇತ್ತು ಎಂದು ಕೇಳಿಕೊಂಡಳು. ಮೆಟ್ರೋ ಕಂಬದ ಪಕ್ಕ ಉಳಿದ ಅರಳಿಕಟ್ಟೆಯ ಮೇಲೆ ಕೂರುವ ದೊಡ್ಡಮುನಿಯಪ್ಪನನ್ನು ಮಾತಾಡಿಸಿದಳು. "ನನ್ ವಕ್ಕಳುಬಳ್ಳಿ ಕೊಯ್ದೋಳು ಅವ್ಳೇ ಕಣವ್ವ," ಎಂದಿದ್ದ ಆತ. "ಕಾಲು ಮುಂದಾಗಿ ಬಂದ್ನಂತೆ. 'ಉಟ್ಟೋಕ್ ಮುಂಚೇನೇ ಒದೀತೀಯೇನ್ಲಾ' ಅಂತ ಒಂದ್ ಏಟು ಬಿಟ್ಲಂತೆ. ಆಮೇಕೆ ಯಾವತ್ತೂ ಯಾರ್ಗೂ ಒದೀಲಿಲ್ಲ ನಾನು."

ಹೀಗೆ ಒಂದೊಂದು ಹೆರಿಗೆಗೆ ಒಂದೊಂದು ಅಧ್ಯಾಯ ಎಂದು ಮನಸ್ಸಿನಲ್ಲೇ ಹಂಚಿಕೊಂಡಳು. ಸೊಪ್ಪು ಬಿಡಿಸುತ್ತ ಗಂಗಹನುಮಕ್ಕನ ಗಂಡನನ್ನು ಕೊಂದಳು, ಬಟ್ಟೆ ಒಣಗಿಸುತ್ತ ಬದುಕಿಸಿದಳು. ಕಡೆಗೆ ಒಂದು ಮಂಗಳವಾರ ಮಾರಮ್ಮನ ಗುಡಿಗೆ ಹೋಗಿ, "ತಾಯಿ, ನಿನ್ನ ಒಕ್ಕಲ ಕತೆ ಬರೀತೀನಿ, ಅಪ್ಪಣೆ ಇದ್ರೆ ಬಲಗಡೆ ಹೂ ಕೊಡು" ಎಂದು ನಿಂತಳು. ಅಮ್ಮನವರ ಬಲಭುಜದಿಂದ ಒಂದು ಕಣಗಿಲೆ ಜಾರಿತು. ಪೂಜಾರಿ ಎತ್ತಿ ಕೊಟ್ಟ ಹೂವನ್ನು ಅವಳು ಕಣ್ಣಿಗೊತ್ತಿಕೊಂಡು ಮುಡಿದಳು. ಇನ್ನೇನು ಬೇಕು? ಆಷಾಢ ಬರುವುದೊಂದೇ ಬಾಕಿ.

ಬರುವುದಕ್ಕೆ ನಾಲ್ಕಾರು ದಿನ ಇದೆ ಎನ್ನುವಾಗ, ಹುರುಳಿಕಾಯಿ ಮುರಿಯುತ್ತ ಕೂತಿದ್ದ ಅತ್ತೆ ವನಜಮ್ಮ ತಲೆ ಎತ್ತದೆ ಹೇಳಿದರು.

"ಬಿಂದು, ನಿಮ್ಮಪ್ಪಂಗೆ ಒಂದು ಫೋನ್ ಹಾಕಿ ಹೇಳ್ಬಿಡಮ್ಮ. ಭಾನುವಾರ ಬರೋದು ಬೇಡ ಅಂತ."

"ಯಾಕತ್ತೆ? ಕರ್ಕೊಂಡು ಹೋಗೋಕಲ್ವಾ ಬರ್ತಿರೋದು?"

"ಅವೆಲ್ಲ ಹಿಂದಿನ ಕಾಲದ್ದು ಕಣೆ. ಈಗ್ಯಾರು ಹೊಸ್ತಿಲು, ಬಾಗ್ಲು ಅಂತ ನೋಡ್ತಾರೆ? ನಾವೂ ಸ್ವಲ್ಪ ಮುಂದುವರೀಬೇಕು."

ಬಿಂದುಶ್ರೀ ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದು ಅತ್ತೆಯ ಮುಖ ನೋಡಿದಳು. ರಾಹುಕಾಲ ಕಳೆಯದೆ ಮೆಟ್ರೋ ಹತ್ತದ ಹೆಂಗಸು. ಅಮಾವಾಸ್ಯೆ ಎಂದು ಹೊಸ ವಾಷಿಂಗ್ ಮಷೀನನ್ನು ಗೇಟಿನಿಂದಲೇ ವಾಪಸು ಕಳಿಸಿ, ಗಾಡಿಯವನ ಬಾಯಲ್ಲಿ ಬಯ್ಯಿಸಿಕೊಂಡವರು. ಬೆಕ್ಕು ಅಡ್ಡ ಬಂದರೆ ಇವತ್ತಿಗೂ ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿಯುವವರು. ಅವರು ಇವತ್ತು ಬೆಳಿಗ್ಗೆ, ಹುರುಳಿಕಾಯಿ ಮುರಿಯುತ್ತ, ಮುಂದುವರಿದುಬಿಟ್ಟಿದ್ದರು.

"ನಿನ್ ಸಮಾಧಾನಕ್ಕೆ ಬೇಕಾದ್ರೆ ಮೇಲ್ಗಡೆ ಖಾಲಿ ಮನೇಲಿ ಮಲ್ಕೊ," ಎಂದು ವನಜಮ್ಮ ಮುಂದುವರಿಸಿದರು. "ಅದರ ಹೊಸ್ತಿಲು ಬೇರೆ, ನಮ್ ಹೊಸ್ತಿಲು ಬೇರೆ. ಪುರೋಹಿತ್ರನ್ನೂ ಕೇಳ್ದೆ, ತೊಂದ್ರೆ ಇಲ್ಲ ಅಂದ್ರು. ಬೆಳಿಗ್ಗೆ ಸಾಯಂಕಾಲ ಪೀಜಿ ಅಡುಗೆಮನೆ ನೋಡ್ಕೊ, ಅಷ್ಟೇ. ಆ ಒಡಿಶಾದ ಅಡುಗೆಯೋನು ಊರಿಗೆ ಹೋದೋನು ಫೋನೇ ಎತ್ತುತಾ ಇಲ್ಲ. ಹೊಸ ಹುಡುಗ್ರು ಬೇರೆ ಸೇರ್ಕೊಳೋ ಟೈಮು."

"ಪೀಜಿ ಅಡುಗೆಮನೇಗೆ ನೀವೂ ಬರ್ತೀರಲ್ಲತ್ತೆ. ಆ ಹೊಸ್ತಿಲು?"

"ಅದಕ್ಕೆಲ್ಲಿ ಹೊಸ್ತಿಲು? ಅದು ಶೆಟರ್ರು."

ಬಿಂದುಶ್ರೀಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಕಿವಿಯ ಹಿಂದೆ ಶುರುವಾಗಿ ಕುತ್ತಿಗೆಗಿಳಿದು, ಎದೆಯಲ್ಲಿ ನಿಂತಿತು. ಬೇಡ ಎಂದಿದ್ದರೆ ಬೇಡ ಎಂದುಕೊಳ್ಳಬಹುದಿತ್ತು. ಅಡುಗೆಯವನಿಲ್ಲ, ಕೈ ಜೋಡಿಸು ತಾಯಿ ಎಂದಿದ್ದರೆ ಯೋಚಿಸಬಹುದಿತ್ತು. ದೇವರನ್ನೂ ಪದ್ಧತಿಯನ್ನೂ ಹೀಗೆ ಸೆರಗಿನ ಗಂಟಿನ ಹಾಗೆ, ಬೇಕೆಂದಾಗ ಬಿಚ್ಚಿ ಬೇಡವೆಂದಾಗ ಕಟ್ಟುವುದೆಂದರೇನು?

ಸಾಯಂಕಾಲ ಟೆರೇಸಿನಲ್ಲಿ ಗಂಡ ಮನು ಸಿಕ್ಕಿದ. ಒಳ್ಳೆಯ ಹುಡುಗ, ಯಾರ ಮನಸ್ಸನ್ನೂ ನೋಯಿಸಲಾರದವನು, ಅದರಿಂದಲೇ ಯಾರ ಪರವೂ ನಿಲ್ಲಲಾರದವನು. ಕಾದಂಬರಿಯ ಸಂಗತಿ ಅವನಿಗೆ ಗೊತ್ತಿತ್ತು. ಮೊದಲು ಹೇಳಿದಾಗ "ಸಕ್ಕತ್!" ಎಂದಿದ್ದ.

"ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೊ ಬಿಂದು. ಬರಿಯೋದು ಆಮೇಲೂ ಬರೀಬಹುದಲ್ವಾ?"

"ಆಮೇಲೆ ಅಂದ್ರೆ ಯಾವಾಗ?"

"ಸಂಡೇ ಸಂಡೇ."

"ಸಂಡೇ ಅಂದ್ರೆ ನಿಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲ ನಾಟಿಕೋಳಿ ಸಾರಿಗೆ ಬರ್ತಾರಲ್ಲ, ಅವತ್ತಾ?"

ಮನು ನಕ್ಕ. ಅವಳು ನಗಲಿಲ್ಲ.

"ನೀನು ಟೂರ್ನಮೆಂಟ್ ಅಂತ ವಾರಗಟ್ಟಲೆ ಗ್ರೌಂಡಲ್ಲೇ ಇರ್ತೀಯಲ್ಲ. 'ಈ ಓವರ್ ಈಗ ಹಾಕು, ಮಿಕ್ಕಿದ್ದು ಮುಂದಿನ ಭಾನುವಾರ ಹಾಕು' ಅಂತ ಯಾರಾದ್ರೂ ಅಂದಿದ್ದಾರಾ?"

"ಅದೂ ಇದೂ ಒಂದೇನಾ?"

"ಅಲ್ಲ. ನಿಂದು ಆಟ."

ಅವನಿಗೆ ಬೇಸರವಾಯಿತು. ಸುಮ್ಮನೆ ಒಣಗಿದ ಬಟ್ಟೆಗಳನ್ನು ತೆಗೆದು, ಮಡಿಸಲು ಬಾರದೆ ಮುದ್ದೆ ಮಾಡಿ ಇಟ್ಟು ಕೆಳಗಿಳಿದ. ಬಿಂದುಶ್ರೀ ಒಬ್ಬಳೇ ನಿಂತಳು. ಟ್ರೈನು ನಿಲ್ದಾಣಕ್ಕೆ ಬರುವ ಸದ್ದು, ಆ ಕಡೆಯ ಶೆಡ್ಡಿನಲ್ಲಿ ಗ್ರೈಂಡಿಂಗಿನ ಸದ್ದು. ದೀಪ ಹಚ್ಚುವ ಹೊತ್ತು. ಮನಸ್ಸು ತನ್ನನ್ನೇ ಕೇಳತೊಡಗಿತು: ಅತ್ತೆ ಪೀಜಿಗಾಗಿ ಆಷಾಢವನ್ನು ಬಿಟ್ಟರು, ಸರಿ. ನೀನು ಕಾದಂಬರಿಗಾಗಿ ಆಷಾಢವನ್ನು ಹಿಡಿದೆಯಲ್ಲ, ಅದೇನು ಭಕ್ತಿಯೇ? ಅತ್ತೆಗೆ ಕೇಡಾಗುತ್ತದೆಂದು ನಿನಗೆ ನಿಜವಾಗಿ ಹೆದರಿಕೆ ಇತ್ತೇ? ಇರಲಿಲ್ಲ. ಅವಳು ಕೂಡ ಹೊಸ್ತಿಲಿನ ಮರೆಯಲ್ಲಿ ನಿಂತೇ ಆಸೆ ಪಟ್ಟಿದ್ದಳು. ಈ ಪ್ರಶ್ನೆಗೆ ಸಿಟ್ಟು ಆರಲಿಲ್ಲ. ಬದಲಿಗೆ ಇನ್ನೂ ಚೊಕ್ಕಟವಾಯಿತು. ಒಂದು ಹೆಣ್ಣು ತನಗೊಂದು ತಿಂಗಳು ಬೇಕೆಂದು ಬಾಯಿ ಬಿಟ್ಟು ಕೇಳಲಾರದೆ, ಅತ್ತೆಯ ಆಯಸ್ಸಿನ ನೆಪ ಹೇಳಬೇಕಾಗಿ ಬಂದಿದೆಯಲ್ಲ, ಇದೆಂಥ ಮನೆ, ಇದೆಂಥ ಲೋಕ!

ಅಪ್ಪನಿಗೆ ಅವಳು ಫೋನು ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಲಕ್ಷ್ಮಯ್ಯ, ಅಜ್ಜಿ ಮರಿಯಮ್ಮನನ್ನು ಕೂರಿಸಿಕೊಂಡು ಮಾದನಾಯಕನಹಳ್ಳಿಯಿಂದ ಕಾರಿನಲ್ಲಿ ಬಂದ. ಲಕ್ಷ್ಮಯ್ಯನದು ಲಾರಿಗಳ ವೇಬ್ರಿಡ್ಜ್. ಹಗಲೆಲ್ಲ ತೂಕ ನೋಡುವ ಮನುಷ್ಯ, ಬೀಗರ ಮನೆಯಲ್ಲಿ ಮಾತ್ರ ಯಾವ ಮಾತಿಗೂ ತಲೆ ತೂಗುವವನು. ಹಣ್ಣು, ಹೂವು, ಅತ್ತೆಗೊಂದು ಸೀರೆ ಇದ್ದ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಕೂತ. ವನಜಮ್ಮ ಸೊಸೆಯನ್ನು ಸುಡುವ ಹಾಗೆ ನೋಡಿ, ಬೀಗರಿಗೆ ಉಪ್ಪಿಟ್ಟು ಕೊಟ್ಟು, ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಮುಂದುವರಿಯುವುದು, ಮೂರನೇ ಮಹಡಿ, ಬೇರೆ ಹೊಸ್ತಿಲು, ಪುರೋಹಿತರು.

ಲಕ್ಷ್ಮಯ್ಯ ತಲೆ ತೂಗಿದ. "ಆಗ್ಲಿ ಬಿಡಿ ಬೀಗ್ರೆ. ನಮ್ದೇನೈತೆ? ಅವಳು ಈಗ ನಿಮ್ಮನೆ ಮಗ್ಳು. ನೀವು ಎಂಗೇಳಿದ್ರೆ ಅಂಗೆ."

ಬಾಗಿಲಲ್ಲಿ ನಿಂತಿದ್ದ ಬಿಂದುಶ್ರೀಗೆ ಅಪ್ಪನ ಕೈಯ ಉಪ್ಪಿಟ್ಟಿನ ತಟ್ಟೆಯನ್ನು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಮರಿಯಮ್ಮ, ಎಲೆಅಡಿಕೆಯ ಬಾಯನ್ನು ಒಂದು ಕಡೆ ಮಾಡಿಕೊಂಡು, ಮೆಲ್ಲಗೆ ಕೇಳಿದಳು.

"ಅಲ್ಲ ಕಣ್ ಬೀಗಿತಿ, ಮ್ಯಾಕೆ ಓಗಾಕೆ ಅದೇನೋ ಪೆಟ್ಟಿಗೆ ಐತಲ್ಲ, ಲಿಪ್ಟು. ಅದಕ್ಕೆ ಬಾಗ್ಲೈತೋ ಇಲ್ವೋ?"

"ಐತೆ. ಅದಕ್ಕೇನಜ್ಜಿ?"

"ಅದ್ರಲ್ಲಿ ನೀನೂ ಓಯ್ತೀಯ, ಅವ್ಳೂ ಓಯ್ತಾಳೆ. ಈಚೆಗ್ ಬಂದ್ರೆ ಗೇಟೂ ಒಂದೇಯ. ನಾ ಕೇಳಿದ್ದು ನಿಂಗೋಸ್ಕರ ಕಣವ್ವ. ನಾಳೆ ನಿಂಗೆ ಕಾಲು ಉಳುಕಿದ್ರೂ ನಮ್ ಮೊಗೀನ್ ತಲೆಗೆ ಬತ್ತದೆ."

ವನಜಮ್ಮನ ಮುಖ ಬಿಳುಪಾಯಿತು. ಲಿಫ್ಟಿನ ಬಾಗಿಲನ್ನು ಅವರು ಪುರೋಹಿತರಿಗೆ ಹೇಳಿರಲಿಲ್ಲ. ಚಿಕ್ಕಬೈರಪ್ಪ ಕೆಮ್ಮಿದ. ಮನು ಮೊಬೈಲಿನಿಂದ ಕಣ್ಣೆತ್ತಿದ. ಹೊಸ್ತಿಲ ಹೆಸರಿನಲ್ಲಿ ಇನ್ನು ಒಂದು ಮಾತು, ಅಷ್ಟೇ, ಬಿಂದುಶ್ರೀಯ ಚೀಲ ಕಾರಿನಲ್ಲಿರುತ್ತಿತ್ತು. ಆ ಒಂದು ಮಾತನ್ನು ಆಡಲು ಅವಳಿಗೆ ಮನಸ್ಸು ಬರಲಿಲ್ಲ.

"ಅಜ್ಜಿ, ಲಿಫ್ಟ್ ವಿಷ್ಯ ಬಿಡು," ಎಂದು ಅವಳು ಒಳಗೆ ಬಂದು ನಿಂತಳು. "ಅತ್ತೆ, ನಿಮಗೇನೂ ಆಗಲ್ಲ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಾನು ಹೋಗ್ತಿರೋದು ಹೊಸ್ತಿಲಿಗಾಗಿ ಅಲ್ಲ. ನನಗೆ ಈ ತಿಂಗಳು ಬೇಕು. ನಾನು ಒಂದು ಕಾದಂಬರಿ ಬರೀಬೇಕು."

ಮೊದಲು ಬಾಯಿ ಬಿಟ್ಟವನು ಚಿಕ್ಕಬೈರಪ್ಪ.

"ಕಾದಂಬರೀನಾ? ನಮ್ಮನೆ ಇಸ್ಯ ಏನೂ ಬರ್ಯಲ್ಲ ತಾನೆ? ಆ ಕೆರೆ ಒತ್ತಿನ ಸೈಟು, ಖಾತೆ, ಅವೆಲ್ಲ?"

"ನಮ್ಮನೆಯೋರು ಯಾರೂ ಬರಲ್ಲ ಮಾವ. ಸೂಲಗಿತ್ತಿ ಗಂಗಹನುಮಕ್ಕನ ಕತೆ."

"ಯಾರೂ ಬರಲ್ವಾ?" ಚಿಕ್ಕಬೈರಪ್ಪನಿಗೆ ಈಗ ಬೇರೆ ನೋವು. "ಯಾಕೆ, ನಾವೇನ್ ಕಮ್ಮಿ ಜನಾನಾ?"

"ಸುಮ್ನಿರ್ರೀ ನೀವು!" ವನಜಮ್ಮ ಗದರಿದರು. ಸೊಸೆಯ ಕಡೆ ತಿರುಗಿದರು. "ಬರಿಯೋಕೆ ಇಲ್ಲೇನು ಟೇಬಲ್ ಇಲ್ವಾ? ಕರೆಂಟ್ ಇಲ್ವಾ? ಮೂರನೇ ಫ್ಲೋರಲ್ಲಿ ಕೂತ್ಕೊಂಡು ಎಷ್ಟಾದ್ರೂ ಗೀಚು. ಹುಡುಗ್ರಿಗೆ ತಿಂಡಿ ಆದ್ಮೇಲೆ, ಅನ್ನಕ್ಕಿಡೋಕೆ ಮುಂಚೆ, ಬೇಕಾದಷ್ಟು ಹೊತ್ತಿರುತ್ತೆ."

"ತಿಂಡಿ ಆದ್ಮೇಲೆ, ಅನ್ನಕ್ಕೆ ಮುಂಚೆ! ಮಿಕ್ಕಿದ ಹೊತ್ತು, ಮಿಕ್ಕಿದ ಜಾಗ. ನಾನು ಮಾಘದಿಂದ ತಯಾರಿ ಮಾಡ್ಕೊಂಡಿದ್ದೀನತ್ತೆ. ಒಂದೊಂದು ಊರಿನ ದಾರಿ ಹುಡುಕಿದ್ದೀನಿ. ಅಮ್ಮನೋರ ಅಪ್ಪಣೆ ಕೇಳಿದ್ದೀನಿ. ನಿಮ್ಮ ಒಬ್ಬ ಅಡುಗೆಯೋನು ಫೋನ್ ಎತ್ತಲಿಲ್ಲ ಅಂದ ತಕ್ಷಣ ಅದೆಲ್ಲ ಗೀಚೋದು ಆಗೋಯ್ತಾ? ಮಾವನೋರಿಗೆ ನಾಗಸಂದ್ರ ತುಂಬ ಜನ ಗೊತ್ತು. ಮನುಗೆ ಕೈಯಿದೆ ಕಾಲಿದೆ. ಇಷ್ಟು ಜನರಲ್ಲಿ ಅಡುಗೆಮನೆಗೆ ಬಿಡುವಾಗಿ ಕಂಡೋಳು ನಾನೊಬ್ಬಳೇನಾ?"

"ಏಯ್, ಬಾಯ್ ಬಿಗಿ ಇಡಮ್ಮಿ," ಎಂದ ಲಕ್ಷ್ಮಯ್ಯ, ಕಣ್ಣಲ್ಲೇ ಬೇಡಿಕೊಳ್ಳುತ್ತ.

ಆಗ ವನಜಮ್ಮ ಎದ್ದರು. ಅವರ ದನಿ ಏರಲಿಲ್ಲ, ಇಳಿಯಿತು.

"ನಂಗ್ಯಾರೇ ಕೊಟ್ರು ತಿಂಗಳು? ಹೇಳು, ಯಾರು ಕೊಟ್ರು? ನನ್ನ ಮೊದಲನೇ ಆಷಾಢಕ್ಕೆ ನಮ್ಮಪ್ಪ ಗಾಡಿ ಕಟ್ಕೊಂಡು ಬಂದಿತ್ತು. ನಮ್ಮತ್ತೆ ಬಾಗ್ಲಲ್ಲೇ ನಿಲ್ಸಿ, 'ಬಿತ್ತನೆ ಟೈಮು, ಕಳ್ಸಕಾಗಕಿಲ್ಲ' ಅಂತ ವಾಪಸ್ ಕಳಿಸ್ಬಿಟ್ರು. ನನ್ನನ್ನ ದನದ ಕೊಟ್ಟಿಗೆ ಪಕ್ಕದ ಕೋಣೇಲಿ ಮಲಗ್ಸಿದ್ರು. 'ಹೊಸ್ತಿಲು ಬೇರೆ ಕಣೆ' ಅಂದ್ರು. ಗಾಡಿ ತಿರುಗ್ಸಿಕೊಂಡು ನಮ್ಮಪ್ಪ ಹೋಗಿದ್ದು ನಾನು ಇಲ್ಲೇ, ಈಗ ಲಿಫ್ಟ್ ಇರೋ ಜಾಗದಲ್ಲೇ, ಹೊಲದ ಬದೂಲಿ ನಿಂತ್ಕೊಂಡು ನೋಡಿದ್ದೀನಿ. ನಾನು ಯಾರನ್ನಾದ್ರೂ ಕೇಳಿದ್ನಾ? ಒಂದ್ ಮಾತು ಆಡಿದ್ನಾ?"

ಮನು ತಾಯಿಯ ಮುಖವನ್ನೇ ನೋಡುತ್ತಿದ್ದ. ಈ ಸಂಗತಿ ಅವನು ಕೇಳಿರಲೇ ಇಲ್ಲ. ಬಿಂದುಶ್ರೀಗೆ ಅತ್ತೆಯ ಮೇಲೆ ಕನಿಕರ ಬಂತು. ಆದರೆ ಸಿಟ್ಟೂ ಇತ್ತು, ಈಗ ಎರಡು ಪಟ್ಟು.

"ನಿಮಗೆ ಮಾಡಿದ್ದು ಅನ್ಯಾಯ ಅತ್ತೆ. ಅವತ್ತು ಯಾರಾದ್ರೂ ಒಬ್ರು ಕೇಳ್ಬೇಕಿತ್ತು. ಅದನ್ನ ನೆನೆಸ್ಕೊಂಡ್ರೆ ನಂಗೇ ಹೊಟ್ಟೆ ಉರಿಯುತ್ತೆ. ಆದ್ರೆ ಅದೇ ಮಾತು, ಅದೇ 'ಹೊಸ್ತಿಲು ಬೇರೆ', ನನಗೆ ಹೇಳೋಕೆ ನಿಮಗೆ ಬಾಯಾದ್ರೂ ಹೇಗೆ ಬಂತು? ಆ ಕೊಟ್ಟಿಗೆ ಪಕ್ಕದ ಕೋಣೇನೇ ನೀವು ಮೂರನೇ ಫ್ಲೋರಿಗೆ ಎತ್ತಿ ಇಟ್ಟಿದ್ದೀರಲ್ಲ!"

ವನಜಮ್ಮ ಸೀರೆಯ ತಟ್ಟೆಯನ್ನು ಎತ್ತಿ ಲಕ್ಷ್ಮಯ್ಯನ ಕಡೆಗೆ ಸರಿಸಿದರು.

"ಕರ್ಕೊಂಡು ಹೋಗಿ. ಆದ್ರೆ ಭೀಮನ ಅಮಾವಾಸ್ಯೆಗೆ ನನ್ ಮಗ ಬರ್ತಾನೆ ಅಂತ ಕಾಯ್ಬೇಡಿ."

ಅರಿಶಿನ ಕುಂಕುಮ ಕೊಡದೆ ಒಳಗೆ ಹೋದರು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಬಿಂದುಶ್ರೀ ಮನುವಿನ ಮುಖ ನೋಡಿದಳು. ಅವನು ಅವಳ ಚೀಲವನ್ನು ಎತ್ತಿ ಕಾರಿನ ಡಿಕ್ಕಿಯಲ್ಲಿಟ್ಟು, ಏನೋ ಹೇಳಲು ಬಾಯಿ ತೆರೆದು, "ಹುಷಾರು" ಎಂದ. ಇಷ್ಟು ಗಲಾಟೆಯಲ್ಲಿ ಅವನಿಗೆ ಸಿಕ್ಕ ಮಾತು ಅದೊಂದೇ.

ತುಮಕೂರು ರಸ್ತೆಯ ಲಾರಿಗಳ ನಡುವೆ ಕಾರು ನಿಂತು ನಿಂತು ಹೊರಟಿತು. ಲಕ್ಷ್ಮಯ್ಯನಿಗೆ ಈಗ ಮಾತು ಬಂದಿತ್ತು.

"ನಮ್ ಮಾನ ಕಳ್ದೆ. ಬೀಗ್ರ ಮನೇಲಿ ನಿಂತ್ಕಂಡು, ಕಾದಂಬ್ರಿಯಂತೆ, ಕಾದಂಬ್ರಿ! ಅಳಿಯಂದ್ರು ಅಮಾಸೆಗೆ ಬರದಂಗೆ ಆದ್ರೆ ನಾಕ್ ಜನ ಏನಂದಾರು? ಯಾರಿಗ್ ಪಾದಪೂಜೆ ಮಾಡ್ತೀಯ ಆಗ?"

"ಬರ್ದೆ ಇದ್ರೆ ಅವತ್ತೂ ಕೂತು ಬರೀತೀನಿ ಬಿಡಪ್ಪ."

ಹಾಗೆಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬರಲಿ ಎಂಬ ಆಸೆ ಅವಳಿಗಿರಲಿಲ್ಲವೇ? ಇತ್ತು. ಶ್ರದ್ಧೆಯಿಂದ ಅವನ ಪಾದ ತೊಳೆದು, ಅರಿಶಿನದ ದಾರ ಕಟ್ಟಿಕೊಳ್ಳಬೇಕೆಂಬ ಆಸೆಯನ್ನೂ ಅವಳು ಮಾಘದಿಂದಲೇ ಇಟ್ಟುಕೊಂಡಿದ್ದಳು. ಅದಕ್ಕೆ ಬೆಲೆಯಾಗಿ ತಿಂಗಳನ್ನು ಕೊಡಲು ಮಾತ್ರ ಸಿದ್ಧಳಿರಲಿಲ್ಲ. ಪಕ್ಕದಲ್ಲಿ ಮರಿಯಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಆ ವನಜವ್ವಂದೂ ಪಾಪ ಕಣ್ಲಾ ಲಕ್ಷ್ಮಯ್ಯ. ಗಾಡಿ ವಾಪಸ್ ಓಯ್ತಂತೆ," ಎಂದಳು, ತನಗೆ ತಾನೇ ಎಂಬಂತೆ.

ಆಗಲೇ ಮನುವಿನ ಮೆಸೇಜು ಬಂತು. 'ಅಮ್ಮ ಬಾಗಿಲು ತೆಗೀತಿಲ್ಲ. ತಿಂಡೀನೂ ತಿಂದಿಲ್ಲ. ಏನ್ ಮಾಡ್ಲಿ?'

ಬಿಂದುಶ್ರೀಗೆ ಮತ್ತೆ ರೇಗಿತು. ತಾಯಿ ಅವನದು, ಮನೆ ಅವನದು, ಏನು ಮಾಡಬೇಕೆಂದು ಮಾತ್ರ ಇವಳು ಹೇಳಬೇಕು! ಬರೆದದ್ದನ್ನು ಎರಡು ಸಲ ಅಳಿಸಿ, ಮೂರನೆಯ ಸಲ ಕಳಿಸಿದಳು: 'ನೀನೇ ಬಡಿಸು. ಪಕ್ಕದಲ್ಲಿ ಕೂತ್ಕೊ. ಗಾಡಿ ತಿರುಗಿಸಿಕೊಂಡು ಹೋದ ತಾತನ ಬಗ್ಗೆ ಕೇಳು.' ಕಳಿಸಿ, ಫೋನನ್ನು ಆರಿಸಿ, ಅಪ್ಪನ ಕೈಗೆ ಕೊಟ್ಟಳು.

ಮಾದನಾಯಕನಹಳ್ಳಿಯ ಮನೆಯ ಮುಂದೆ ಅಮ್ಮ ಆರತಿ ಹಿಡಿದು ಕಾದಿದ್ದಳು. ದೃಷ್ಟಿ ತೆಗೆದು, ಮಗಳ ಕೆನ್ನೆ ಮುಟ್ಟಿ, "ಎಷ್ಟು ಸೊರಗಿದ್ದೀಯೇ! ಇನ್ನು ಒಂದು ತಿಂಗಳು ಚೆನ್ನಾಗಿ ತಿಂದು ಮಲ್ಕೊ. ಸಾಯಂಕಾಲ ನಿಮ್ಮ ಚಿಕ್ಕಮ್ಮನೋರೆಲ್ಲ ಬರ್ತಾರೆ. ನಾಳೆ ಒಬ್ಬಟ್ಟು ಮಾಡೋಣ, ನೀನೂ ಒಂದು ಕೈ ಹಾಕು," ಎಂದಳು.

ಬಿಂದುಶ್ರೀ ಅಮ್ಮನ ಕಾಲು ಮುಟ್ಟಿ ನಮಸ್ಕರಿಸಿ ಎದ್ದಳು. ಹಿಂದಿನ ಕೋಣೆಯನ್ನು ತಾನೇ ಗುಡಿಸಿದಳು. ಅಲ್ಲಿದ್ದ ರಾಗಿಮೂಟೆಯನ್ನು ಗೋಡೆಗೆ ಸರಿಸಿ, ಕಿಟಕಿಯ ಹತ್ತಿರ ಮೇಜು ಎಳೆದು, ದೇವರ ಮನೆಯಿಂದ ಚಿಟಿಕೆ ವಿಭೂತಿ ತಂದು ಹಣೆಗಿಟ್ಟುಕೊಂಡಳು.

"ಅಮ್ಮ, ಸಾಯಂಕಾಲ ಯಾರೇ ಬಂದ್ರೂ ನಾನು ಕೆಲಸದಲ್ಲಿದ್ದೀನಿ ಅನ್ನು."

"ಕೆಲ್ಸಾನಾ? ಏನ್ ಕೆಲ್ಸ ಅಂತ ಕೇಳಿದ್ರೆ ಏನೇ ಹೇಳ್ಲಿ?"

"ಕೆಲಸ ಅನ್ನು, ಸಾಕು," ಎಂದು ಅವಳು ಬಾಗಿಲು ಹಾಕಿ ಅಗುಳಿ ಇಟ್ಟಳು.